ಮೂರಡಿಯ ಹಡಗು, ಎರಡು ಶತಮಾನದ ಲೆಕ್ಕ

ದೊಡ್ಡದನ್ನು ಚಿಕ್ಕದಾಗಿ ಮಾಡಿ ಕಣ್ಣೆದುರಿಗೆ ಇಟ್ಟುಕೊಳ್ಳುವ ಆಸೆ ಮಾನವನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ಈಜಿಪ್ಟಿನ ಮೆಕೆತ್ರೆ ಎಂಬ ಅಧಿಕಾರಿಯ ಸಮಾಧಿಯಲ್ಲಿ ೧೯೨೦ರಲ್ಲಿ ದೊರೆತ ಮರದ ದೋಣಿಗಳು, ಹುಟ್ಟು ಹಾಕುವ ಅಂಬಿಗರ ಸಮೇತ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನವು. ಗುಜರಾತಿನ ಲೋಥಲ್‌ ಉತ್ಖನನದಲ್ಲಿಯೂ ಸುಟ್ಟ ಮಣ್ಣಿನ ದೋಣಿಯ ಪ್ರತಿಕೃತಿ ಸಿಕ್ಕಿದೆ. ನಮ್ಮ ಮಕ್ಕಳು ಮಳೆಗಾಲದಲ್ಲಿ ಅಂಗಳದ ನೀರಿಗೆ ಬಿಡುವ ಕಾಗದದ ದೋಣಿಯೂ ಇದೇ ವಂಶದ್ದೆನ್ನಬೇಕು.

ಆದರೆ ಪ್ರಸ್ತುತ ಲೇಖನದಲ್ಲಿ ನಾವು ಓದುಗ ಬಂಧುಗಳ ಮುಂದಿಡಬಯಸುವುದು ಆಟಿಕೆಯ ವಿಷಯವನ್ನಲ್ಲ. ಒಂದು ಕಾಲಕ್ಕೆ ನಿಜವಾಗಿ ಸಮುದ್ರದಲ್ಲಿ ಓಡಾಡಿದ ಯುದ್ಧನೌಕೆಯೊಂದನ್ನು, ಅದರ ಮೂಲ ನಕ್ಷೆಯನ್ನು ತರಿಸಿ, ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬರುವ ಸಿದ್ಧ ತುಂಡುಗಳ ನೆರವಿಲ್ಲದೆ, ಪ್ರತಿಯೊಂದು ಹಲಗೆ, ಮೊಳೆ, ಹಗ್ಗ, ಲಂಗರುಗಳನ್ನು ತನ್ನ ಕೈಯಿಂದಲೇ ಮಾಡಿ ಕಿರಿದಾಗಿ ಕಟ್ಟುವ ಒಂದು ವಿದ್ಯೆಯಿದೆ. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕಾಗಿಯೇ ಜೀವಮಾನ ಸವೆಸಿದವರು ಅನೇಕರಿದ್ದಾರೆ. ನಮ್ಮಲ್ಲಿ ವಿರಳ. ಅಂಥ ವಿರಳರಲ್ಲೊಬ್ಬರು ಧಾರವಾಡದಲ್ಲಿದ್ದಾರೆಂಬುದು ನಮಗೆ ತಿಳಿದದ್ದು ಅಕಸ್ಮಾತ್ತಾಗಿ, ಒಂದು ನಾಮಕರಣದ ಪ್ರಸಂಗದಲ್ಲಿ. ಮುಂಬಯಿಯ ನೌಕಾಕಟ್ಟೆಯಲ್ಲಿ ಮೂವತ್ತು ವರ್ಷ ಬಡಗಿಯಾಗಿ ದುಡಿದು ನಿವೃತ್ತರಾದ ಈ ಬಂಧುಗಳು ತಮ್ಮ ಹೆಸರನ್ನು ಎಲ್ಲಿಯೂ ಹಾಕಕೂಡದೆಂದು ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ. ಆದಕಾರಣ ಅವರನ್ನು 'ಯಜಮಾನರು' ಎಂದಷ್ಟೇ ಕರೆಯುತ್ತೇವೆ.

ಅವರ ಮನೆಯ ಹಿಂದಿನ ಪಡಸಾಲೆಯಲ್ಲಿ, ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ, ಆಗ ಆ ಹಡಗು ಬರಿಯ ಅಸ್ಥಿಪಂಜರವಾಗಿ ನಿಂತಿತ್ತು. ಮಧ್ಯದಲ್ಲಿ ಬೆನ್ನೆಲುಬಿನಂತೆ ಒಂದು ಅಡಿದೂಲ. ಅದರಿಂದ ಎರಡೂ ಕಡೆ ಬಾಗಿ ಮೇಲೇರುವ ಪಕ್ಕೆಲುಬುಗಳು. ಮಗಿಚಿಟ್ಟ ತೊಟ್ಟಿಲಿನ ಕಮಾನುಗಳನ್ನು ತಿರುಗಿಸಿ ನಿಲ್ಲಿಸಿದಂತೆ ತೋರುತ್ತಿತ್ತು. ಯಾವ ಹಡಗೆಂದು ಕೇಳಿದೆವು. 'ಟ್ರಿಂಕೋಮಲೀ' ಎಂದರು. ಲಂಕೆಯ ಒಂದು ಬಂದರಿನ ಹೆಸರೆಂಬಷ್ಟೇ ನಮಗೆ ಗೊತ್ತಿತ್ತು. ಮುಂದೆ ಅವರು ಹೇಳಿದುದನ್ನು ಕೇಳಿ, ಪುಸ್ತಕಗಳಲ್ಲಿ ನೋಡಿ, ನಾವು ತಿಳಿದುಕೊಂಡ ಸಂಗತಿಗಳು ಇವು.

ಫ್ರೆಂಚ್‌ ನೌಕಾಶಿಲ್ಪಿ ಸಾನೆ ಎಂಬಾತ ವಿನ್ಯಾಸ ಮಾಡಿದ 'ಹೆಬೆ' ಎಂಬ ಹಡಗು ೧೭೮೨ರಲ್ಲಿ ಆಂಗ್ಲರ ಕೈಸೆರೆಯಾಯಿತು. ಅದರ ಆಕಾರದ ಸೊಬಗನ್ನು ಕಂಡ ಆಂಗ್ಲರು ಅದನ್ನೇ ಅಳೆದು ನಕ್ಷೆ ತೆಗೆದು ತಮ್ಮ 'ಲೀಡಾ' ವರ್ಗದ ಹಡಗುಗಳನ್ನು ಕಟ್ಟತೊಡಗಿದರು. ನೆಪೋಲಿಯನ್ನನ ಯುದ್ಧಗಳ ದೆಸೆಯಿಂದ ಇಂಗ್ಲೆಂಡಿನಲ್ಲಿ ಓಕ್‌ ಮರಕ್ಕೆ ಅಭಾವ ಒದಗಿದಾಗ, ಅವರ ದೃಷ್ಟಿ ಬೊಂಬಾಯಿಯ ಹಡಗುಕಟ್ಟೆಯತ್ತ ತಿರುಗಿತು. ಅಲ್ಲಿ ಸೂರತ್ತಿನಿಂದ ೧೭೩೬ರಲ್ಲಿ ಬಂದು ನೆಲೆಸಿದ ಲವ್ಜಿ ನಸರ್ವಾನ್‌ಜಿ ವಾಡಿಯಾ ಅವರ ವಂಶದ ಪಾರಸಿ ಶಿಲ್ಪಿಗಳು ತಲೆಮಾರುಗಳಿಂದ ತೇಗದ ಹಡಗುಗಳನ್ನು ಕಟ್ಟುತ್ತಿದ್ದರು. ಮರ ಬರುತ್ತಿದ್ದುದು ಪಶ್ಚಿಮ ಕರಾವಳಿಯ ಕಾಡುಗಳಿಂದ. ಮಲಬಾರಿನ ತೇಗವನ್ನು ನೌಕೆಗಳಿಗಾಗಿ ಕಾದಿರಿಸಲೆಂದೇ ೧೮೦೬ರಲ್ಲಿ ಕಂಪನಿ ಸರಕಾರ ಅರಣ್ಯಪಾಲಕನೊಬ್ಬನನ್ನು ನೇಮಿಸಿತ್ತು. ಓಕ್‌ ಮರದಲ್ಲಿರುವ ಹುಳಿಯ ಅಂಶ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದಲ್ಲಿರುವ ಎಣ್ಣೆ ಅದನ್ನು ಕಾಪಾಡುತ್ತದೆ. ಗೆದ್ದಲು, ಕಡಲಹುಳು ಎರಡೂ ತೇಗಕ್ಕೆ ಅಂಜುತ್ತವೆ. ಹೀಗಾಗಿ ಬೊಂಬಾಯಿಯ ಹಡಗು ಬಹುಕಾಲ ಬಾಳುತ್ತಿತ್ತು.

೧೮೧೨ರ ಅಕ್ಟೋಬರಿನಲ್ಲಿ ಟ್ರಿಂಕೋಮಲೀ ಹಡಗಿಗೆ ಆಜ್ಞೆಯಾಯಿತು. ಅದರ ನಕ್ಷೆಗಳನ್ನು 'ಜಾವಾ' ಎಂಬ ಹಡಗಿನಲ್ಲಿ ಬೊಂಬಾಯಿಗೆ ಕಳುಹಿಸಿದರು. ಅದೇ ಹಡಗಿನಲ್ಲಿ ಬೊಂಬಾಯಿಗೆ ಹೊರಟಿದ್ದ ಅಧಿಕಾರಿಗಳೂ ಇದ್ದರು, ಅಲ್ಲಿ ಕಟ್ಟುತ್ತಿದ್ದ ಹಡಗುಗಳಿಗೆ ಬೇಕಾದ ತಾಮ್ರದ ತಗಡುಗಳೂ ಇದ್ದವು. ಡಿಸೆಂಬರ್‌ ೨೯ರಂದು ಬ್ರೆಜಿಲ್‌ ಕರಾವಳಿಯಾಚೆ ಅಮೆರಿಕೆಯ 'ಕಾನ್‌ಸ್ಟಿಟ್ಯೂಶನ್‌' ಎಂಬ ಯುದ್ಧನೌಕೆ ಜಾವಾವನ್ನು ಎದುರಿಸಿ, ಕೂವೆಮರಗಳನ್ನೆಲ್ಲ ಉರುಳಿಸಿ ಸೋಲಿಸಿತು. ತನ್ನ ಚುಕ್ಕಾಣಿಯ ಚಕ್ರ ಹೊಡೆತಕ್ಕೆ ಚೂರಾಗಿದ್ದರಿಂದ ಜಾವಾದ ಚಕ್ರವನ್ನು ಬಿಚ್ಚಿ ಹಾಕಿಕೊಂಡಿತು. ಮುರಿದುಹೋಗಿದ್ದ ಜಾವಾಕ್ಕೆ ಬೆಂಕಿಯಿಟ್ಟರು. ನಕ್ಷೆಗಳು ಬೊಂಬಾಯಿಯನ್ನು ಮುಟ್ಟಲೇ ಇಲ್ಲ. ಮತ್ತೊಂದು ಪ್ರತಿ ತಯಾರಾಗಿ ಬಂದು, ಅಡಿದೂಲ ಹಾಕುವ ಹೊತ್ತಿಗೆ ೧೮೧೬ ಆಗಿತ್ತು. ೧೮೧೭ರ ಅಕ್ಟೋಬರ್‌ ೧೨ರಂದು ಹಡಗು ನೀರಿಗಿಳಿಯಿತು. ಕಟ್ಟಿದವರು ಜಮ್ಸೆಟ್‌ಜಿ ಬೊಮನ್‌ಜಿ ವಾಡಿಯಾ. ಪಾರಸಿಗಳ ಸಂಪ್ರದಾಯದಂತೆ ಅಡಿದೂಲಕ್ಕೆ ಅಕ್ಷರ ಕೊರೆದ ಒಂದು ಬೆಳ್ಳಿಯ ಮೊಳೆಯನ್ನು ಹೊಡೆದು ಕೆಲಸ ಆರಂಭಿಸಿದರಂತೆ.

ಫ್ರೆಂಚನ ಆಕಾರ, ಆಂಗ್ಲನ ಹಣ, ಪಾರಸಿಯ ಕೈ, ಮಲಬಾರಿನ ಮರ, ಲಂಕೆಯ ಹೆಸರು! ಇಷ್ಟೆಲ್ಲ ಕೂಡಿ ಒಂದು ಹಡಗಾದದ್ದು ನಮಗಂತೂ ಸೋಜಿಗವಾಗಿ ಕಂಡಿತು. ಜಮ್ಸೆಟ್‌ಜಿಯವರ ವಿಷಯವಾಗಿ ಇನ್ನೊಂದು ಹೇಳಿಕೆಯೂ ಇದೆ. ೧೮೦೦ರಲ್ಲಿ ಕಟ್ಟಿದ 'ಕಾರ್ನ್‌ವಾಲಿಸ್‌' ಎಂಬ ಹಡಗಿನ ಒಳದೂಲದ ಮೇಲೆ, ಹಲಗೆ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದಂತಹ ಎಡೆಯಲ್ಲಿ, 'ಇದನ್ನು ಕಟ್ಟಿದವನು ಒಬ್ಬ ಹಾಳು ಕರಿಯ' ಎಂಬರ್ಥದ ಮಾತನ್ನು ಅವರು ಕೆತ್ತಿಸಿ, ಅನೇಕ ವರ್ಷಗಳ ತರುವಾಯ ಹಡಗು ದುರಸ್ತಿಗೆ ಬಂದಾಗ ಅಧಿಕಾರಿಗಳಿಗೆ ತಾವೇ ತೋರಿಸಿದರೆಂದು ಹೇಳುತ್ತಾರೆ. ತಮ್ಮನ್ನು ಹೀಯಾಳಿಸುತ್ತಿದ್ದವರ ಮಾತನ್ನೇ ಅವರ ಹಡಗಿನ ಹೊಟ್ಟೆಯಲ್ಲಿಟ್ಟು ಸಮುದ್ರಕ್ಕೆ ಬಿಟ್ಟ ಜಾಣ್ಮೆ ಅದು.

ಇನ್ನು ಕಿರಿದಾಗಿ ಕಟ್ಟುವ ಕ್ರಮಕ್ಕೆ ಬರೋಣ. ಆಂಗ್ಲ ನೌಕಾಡಳಿತದ ಹಳೆಯ ನಕ್ಷೆಗಳು ಬಹುಮಟ್ಟಿಗೆ ಲಂಡನ್ನಿನ ಗ್ರೀನಿಚ್‌ ವಸ್ತುಸಂಗ್ರಹಾಲಯದಲ್ಲಿವೆ. ಹಣ ಕೊಟ್ಟರೆ ಪ್ರತಿ ದೊರೆಯುತ್ತದೆ. ಒಂದು ಹಡಗಿಗೆ ಮುಖ್ಯವಾಗಿ ಮೂರು ನೋಟಗಳು: ಪಕ್ಕದಿಂದ ನೋಡಿದ್ದು, ಮೇಲಿನಿಂದ ನೋಡಿದ್ದು, ಎದುರಿನಿಂದ ಸೀಳಿ ನೋಡಿದ್ದು. ಈ ಮೂರನ್ನು ಕೂಡಿಸಿ ಓದಿದರೆ ಪ್ರತಿಯೊಂದು ಪಕ್ಕೆಲುಬಿನ ಬಾಗು ತಿಳಿಯುತ್ತದೆ. ಯಜಮಾನರು ಆರಿಸಿಕೊಂಡಿದ್ದು ನಲವತ್ತೆಂಟರಲ್ಲೊಂದು ಪಾಲಿನ ಪ್ರಮಾಣ. ಎಂದರೆ ನಿಜವಾದ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ. ಟ್ರಿಂಕೋಮಲೀಯ ತೋಪಿನ ಅಂಕಣ ಸುಮಾರು ೧೫೦ ಅಡಿ ಉದ್ದ, ಹಡಗು ಸುಮಾರು ೪೦ ಅಡಿ ಅಗಲ. ಮಾದರಿಯಲ್ಲಿ ಅದು ಮೂವತ್ತೇಳೂವರೆ ಅಂಗುಲ ಉದ್ದ, ಹತ್ತು ಅಂಗುಲ ಅಗಲವಾಗುತ್ತದೆ. ಅದರ ಮೇಲೆ ನಿಲ್ಲಬೇಕಾದ ನಾವಿಕನ ಎತ್ತರ ಒಂದೂವರೆ ಅಂಗುಲಕ್ಕೂ ಕಡಿಮೆ.

ತೇಗದ ಹಡಗಿನ ಮಾದರಿಯನ್ನು ತೇಗದಲ್ಲಿಯೇ ಮಾಡಬೇಕಲ್ಲವೇ ಎಂದು ನಾವು ಕೇಳಿದೆವು. ಅವರು ನಕ್ಕರು. ಮರವನ್ನು ಕಿರಿದಾಗಿ ಕೊಯ್ಯಬಹುದು, ಆದರೆ ಅದರ ಎಳೆಯನ್ನು ಕಿರಿದು ಮಾಡಲು ಬರುವುದಿಲ್ಲ. ಐದು ಮಿಲಿಮೀಟರಿನ ಹಲಗೆಯ ಮೇಲೆ ತೇಗದ ಒರಟು ಎಳೆ ಹಾದುಹೋದರೆ, ನಿಜವಾದ ಹಡಗಿನಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಂತೆ ಕಾಣುತ್ತದೆ. ಆದ್ದರಿಂದ ಪಾಶ್ಚಾತ್ಯರು ಬಾಕ್ಸ್‌ವುಡ್‌, ಪೇರ್‌ ಮುಂತಾದ ನಯವಾದ ಮರಗಳನ್ನು ಹಿಡಿಯುತ್ತಾರೆ. ಯಜಮಾನರು ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರವನ್ನು ತರಿಸಿದ್ದರು. ದಂತದಂತೆ ಬಿಳುಪು, ಬೆಣ್ಣೆಯಂತೆ ನಯ.

ಹಲಗೆಗಳನ್ನು ನೆನೆಸಿ, ಕಾಯಿಸಿದ ಕೊಳವೆಗೆ ಒತ್ತಿ ಬಾಗಿಸುತ್ತಾರೆ. ಪಕ್ಕೆಲುಬಿಗೆ ಅದನ್ನು ಹಿಡಿಸುವ ಮರದ ಮೊಳೆ ಬಿದಿರಿನದು. ಬಿದಿರನ್ನು ಸೀಳಿ, ಉಕ್ಕಿನ ತಗಡಿನ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಎಳೆದು, ಅಕ್ಕಸಾಲಿಗರು ಬೆಳ್ಳಿಯ ತಂತಿ ಎಳೆಯುವ ಕ್ರಮದಲ್ಲಿಯೇ, ಕೂದಲಿಗಿಂತ ತುಸು ದಪ್ಪವಾದ ಕಡ್ಡಿ ಮಾಡಿಕೊಳ್ಳುವರು. ಹಡಗಿನ ತಳಕ್ಕೆ ಹೊದಿಸುವ ತಾಮ್ರದ ತಗಡು ವಾಸ್ತವದಲ್ಲಿ ನಾಲ್ಕು ಅಡಿ ಉದ್ದ, ಹದಿನಾಲ್ಕು ಅಂಗುಲ ಅಗಲ. ಇಲ್ಲಿ ಒಂದು ಅಂಗುಲ ಉದ್ದ, ಕಡಲೆಬೀಜದಷ್ಟು ಅಗಲ. ಅಂಥವು ಸಾವಿರಾರು.

ಹಗ್ಗದ ವಿಷಯವನ್ನು ಮಾತ್ರ ಸ್ವಲ್ಪ ವಿವರಿಸಬೇಕು; ಬಹುಮಂದಿ ಎಡವುವುದು ಇಲ್ಲಿಯೇ. ಹಳೆಯ ದಾಖಲೆಗಳಲ್ಲಿ 'ಹದಿನೆಂಟು ಅಂಗುಲದ ಹಗ್ಗ' ಎಂದಿದ್ದರೆ ಅದು ದಪ್ಪವಲ್ಲ, ಸುತ್ತಳತೆ. ಸುತ್ತಳತೆ ಹದಿನೆಂಟಾದರೆ ದಪ್ಪ ಆರು ಅಂಗುಲಕ್ಕಿಂತ ಕಡಿಮೆ. ನಲವತ್ತೆಂಟರಿಂದ ಭಾಗಿಸಿದರೆ ಮಾದರಿಗೆ ಬೇಕಾದದ್ದು ಮೂರು ಮಿಲಿಮೀಟರಿನ ದಾರ. ಇದನ್ನು ತಿಳಿಯದವರು ಒಂಬತ್ತೂವರೆ ಮಿಲಿಮೀಟರಿನದನ್ನು ಹಾಕಿ, ಚಂದದ ಹಡಗಿಗೆ ಎತ್ತಿನ ಮಿಣಿ ಕಟ್ಟಿದಂತೆ ಮಾಡಿಬಿಡುತ್ತಾರೆ. ಸಾಮಾನ್ಯ ಹಗ್ಗದ ಹೊಸೆತ ಒಂದು ಕಡೆಗಾದರೆ, ಅಂಥ ಮೂರು ಹಗ್ಗಗಳನ್ನು ಕೂಡಿಸಿ ಮಾಡಿದ ಲಂಗರಿನ ಹಗ್ಗದ ಹೊಸೆತ ಅದಕ್ಕೆ ವಿರುದ್ಧ. ಅಂಗಡಿಯ ದಾರದಲ್ಲಿ ಈ ಭೇದವಿರುವುದಿಲ್ಲವಾದ್ದರಿಂದ ಯಜಮಾನರು ಚಿಕ್ಕದೊಂದು ರಾಟೆ ಮಾಡಿಕೊಂಡು ಮೊಮ್ಮಗನಿಂದ ತಿರುಗಿಸುತ್ತ ತಾವೇ ಹೊಸೆಯುತ್ತಿದ್ದರು. ಹಾಯಿಗಳನ್ನು ಮಾತ್ರ ಅವರು ಕಟ್ಟುವುದಿಲ್ಲ. ಉದ್ದದಲ್ಲಿ ನಲವತ್ತೆಂಟು ಪಾಲು ಕಿರಿದಾದ ವಸ್ತು ಘನದಲ್ಲಿ ೧,೧೦,೫೯೨ ಪಾಲು ಕಿರಿದಾಗುತ್ತದೆ. ಆ ಹಗುರಿಗೆ ತಕ್ಕಂತೆ ಜೋತುಬೀಳುವ ಬಟ್ಟೆ ಲೋಕದಲ್ಲಿಲ್ಲ. ಎಷ್ಟೇ ತೆಳುವಾದರೂ ಹಪ್ಪಳದಂತೆ ನೆಟ್ಟಗೆ ನಿಲ್ಲುತ್ತದೆ. ಬೋಳು ಕೂವೆಯೇ ವಾಸಿ.

ಈ ವಿದ್ಯೆಯಲ್ಲಿ ಎರಡು ಹಳೆಯ ಪರಂಪರೆಗಳಿವೆ. ಒಂದು, ಹದಿನೇಳನೆಯ ಶತಮಾನದ ನಡುವಿನಿಂದ ಆಂಗ್ಲ ನೌಕಾಮಂಡಳಿಯ ಕಾಲದಲ್ಲಿ ಮಾಡಿದ ಮಾದರಿಗಳು. ಇವುಗಳ ಕೆಳಭಾಗಕ್ಕೆ ಬೇಕೆಂದೇ ಹಲಗೆ ಹೊದಿಸದೆ, ಪಕ್ಕೆಲುಬುಗಳನ್ನು ತೆರೆದು ತೋರಿಸಿರುತ್ತಾರೆ. ಗ್ರೀನಿಚ್ಚಿನಲ್ಲಿಯೂ ಅಮೆರಿಕೆಯ ಅನಾಪೊಲಿಸ್‌ ನೌಕಾ ವಿದ್ಯಾಲಯದಲ್ಲಿಯೂ ಇವುಗಳ ಒಳ್ಳೆಯ ಸಂಗ್ರಹಗಳಿವೆ. ಇತ್ತೀಚಿನ ದಶಕಗಳಲ್ಲಿ, ವೈದ್ಯರು ಹೊಟ್ಟೆಯೊಳಗೆ ನೋಡಲು ಬಳಸುವಂತಹ ತೆಳುವಾದ ನಳಿಕೆಯನ್ನು ಇಂಥ ಮಾದರಿಗಳೊಳಗೆ ತೂರಿಸಿ ನೋಡಿದಾಗ, ಮುಚ್ಚಿದ ಕೋಣೆಗಳ ಒಳಗೂ ನಾಜೂಕು ಕೆಲಸ ಮಾಡಿರುವುದು ಕಂಡುಬಂದಿತು. ಮಾಡಿದವನ ಹೊರತು ಇನ್ನೂರು ಮುನ್ನೂರು ವರ್ಷ ಯಾರೂ ನೋಡಿರದ ಕೆಲಸ ಅದು.

ಎರಡನೆಯದು ಸೆರೆಯಾಳುಗಳ ಪರಂಪರೆ. ನೆಪೋಲಿಯನ್ನನ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚ್‌ ನಾವಿಕರು, ಪೀಟರ್‌ಬರೊ ಸಮೀಪದ ನಾರ್ಮನ್‌ ಕ್ರಾಸ್‌ ಮೊದಲಾದ ಬಂದೀಖಾನೆಗಳಲ್ಲಿ, ತಮ್ಮ ಊಟದಲ್ಲಿ ಉಳಿದ ಎಲುಬುಗಳನ್ನು ತೊಳೆದು, ಸೀಳಿ, ಹಡಗುಗಳನ್ನು ಕಟ್ಟಿದರು. ಎಲುಬೆಂದೊಡನೆ ನಮ್ಮ ಓದುಗ ತಾಯಂದಿರು ಮುಖ ಸಿಂಡರಿಸಬಹುದು. ನಮಗೂ ಮೊದಲು ಹಾಗೆಯೇ ಆಯಿತು. ಆದರೆ ಬೇರೆ ಸಾಮಗ್ರಿ ಅವರಿಗೆ ದುರ್ಲಭವಾಗಿತ್ತು. ಕೆಲವು ಮಾದರಿಗಳಲ್ಲಿ ದಾರ ಎಳೆದರೆ ತೋಪುಗಳು ಒಳಕ್ಕೆ ಸರಿಯುತ್ತವೆ. ಬಂದೀಖಾನೆಯ ಬಾಗಿಲಲ್ಲಿ ನಡೆಯುವ ಸಂತೆಯಲ್ಲಿ ಅವನ್ನು ಮಾರಿ ನಾಲ್ಕು ಕಾಸು ಗಳಿಸುತ್ತಿದ್ದರು. ನಕ್ಷೆಯಿಲ್ಲದೆ ನೆನಪಿನಿಂದ ಮಾಡಿದ್ದರಿಂದ ಅವುಗಳಲ್ಲಿ ಅಳತೆ ತಪ್ಪಿರುತ್ತದೆ. ಕೂವೆ ಹೆಚ್ಚು ಎತ್ತರ, ಒಡಲು ಹೆಚ್ಚು ಸಪೂರ. ಸೌಂದರ್ಯಕ್ಕೇನೂ ಕೊರತೆಯಿಲ್ಲ. ಆದರೆ ಅವುಗಳನ್ನು ನೋಡಿ ಹಡಗು ಹೇಗಿತ್ತೆಂದು ಹೇಳಲಾಗದು.

ಕಳೆದ ದೀಪಾವಳಿಯ ಹೊತ್ತಿಗೆ ನಾವು ಮತ್ತೆ ಯಜಮಾನರ ಮನೆಗೆ ಹೋದಾಗ ಹಡಗಿನ ಒಡಲು ಪೂರ್ಣವಾಗಿತ್ತು. ಹಿಂಬದಿಯಲ್ಲಿ ಕಿಟಕಿಗಳ ಸಾಲು, ಮುಂಬದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾದ ಪೇಟಾ ಸುತ್ತಿದ ಮುಖ. ನಾವು ಕೈಮುಗಿಯುವುದೊಂದು ಬಾಕಿ. ಆದರೆ ಅವರ ಮುಖದಲ್ಲಿ ಕಳೆ ಇರಲಿಲ್ಲ.

"ಶಾಸ್ತ್ರಿಗಳ, ತಪ್ಪ ಆಗೇತ್ರಿ. ಹಿಂದಿನ ಭಾಗ ಬಿಚ್ಚಬೇಕು" ಎಂದರು.

ಆದದ್ದಿಷ್ಟು. ಟ್ರಿಂಕೋಮಲೀ ೧೮೧೯ರಲ್ಲಿ ಇಂಗ್ಲೆಂಡನ್ನು ತಲುಪಿದಾಗ ನೆಪೋಲಿಯನ್ನನ ಯುದ್ಧ ಮುಗಿದುಹೋಗಿತ್ತು. ಕೆಲಸವಿಲ್ಲದೆ ೧೮೪೫ರವರೆಗೆ ಅದನ್ನು ಕಟ್ಟಿಹಾಕಿದ್ದರು. ಅನಂತರ ಹೊರತೆಗೆದು, ೪೬ ತೋಪುಗಳ ಹಡಗಾಗಿದ್ದುದನ್ನು ಕಡಿಮೆ ಸಂಖ್ಯೆಯ, ಆದರೆ ಹೆಚ್ಚು ಬಲದ ತೋಪುಗಳ ಹಡಗನ್ನಾಗಿ ಮಾರ್ಪಡಿಸಿದರು. ಹಿಂಬದಿಯ ಆಕಾರವನ್ನೂ ಬದಲಿಸಿದರು. ಯಜಮಾನರು ಒಡಲು, ತೋಪು, ಅಂಕಣಗಳನ್ನೆಲ್ಲ ೧೮೧೭ರ ನಕ್ಷೆಯಂತೆ ಮಾಡಿದವರು, ಹಿಂಬದಿಯನ್ನು ಮಾತ್ರ ಇಂದಿನ ಹಡಗಿನ ಛಾಯಾಚಿತ್ರಗಳನ್ನು ನೋಡಿ ಮಾಡಿಬಿಟ್ಟಿದ್ದರು. ಮೂವತ್ತು ವರ್ಷಗಳ ಅಂತರ ಆರು ಅಂಗುಲದಲ್ಲಿ ಅಂಟಿಕೊಂಡಿತ್ತು.

ಅವರ ಮನೆಯವರು ನಮ್ಮನ್ನೇ ನ್ಯಾಯಕ್ಕೆ ಕರೆದರು. "ಕಣ್ಣಿನ ಆಪರೇಶನ್‌ ಆಗಿ ಇನ್ನೂ ಆರ ತಿಂಗಳಾಗಿಲ್ರಿ. ನೀವರೆ ಹೇಳ್ರಿ ಇವರಿಗೆ" ಎಂದರು ತಾಯಿಯವರು. ನಾವು ಹೇಳಿದೆವು: ನೋಡುವವರಲ್ಲಿ ಯಾರಿಗೂ ಈ ಭೇದ ತಿಳಿಯುವಂತಿಲ್ಲ, ಎಪ್ಪತ್ತೊಂದರ ವಯಸ್ಸಿನಲ್ಲಿ ಇನ್ನೊಂದು ವರ್ಷ ಇದಕ್ಕೆ ಸುರಿಯುವುದು ಬೇಡ, ಹೀಗೆಯೇ ಇರಲಿ.

"ಯಾರಿಗೂ ತಿಳಿಯೂದಿಲ್ಲ, ಖರೆ. ನನಗ ತಿಳದೇತಲ್ರಿ."

ನಾವು ಸುಮ್ಮನಾದೆವು. ಸುಮ್ಮನಾದುದಕ್ಕೆ ಕಾರಣವಿದೆ. ಮಠದಲ್ಲಿ ಓದುವಾಗ ನಮಗೆ ಗುರುಗಳು ಕಲಿಸಿದ ಮೊದಲ ಪಾಠ ಓಲೆಗರಿಯ ಪ್ರತಿಗಳನ್ನು ಕೂಡಿಸಿ ಓದುವುದು. ಒಂದು ಪ್ರತಿಯ ಪಾಠ ಸವಿಯಾಗಿದೆಯೆಂದು ಇಲ್ಲಿಂದ ಒಂದು ಸಾಲು, ಇನ್ನೊಂದರಲ್ಲಿ ಅರ್ಥ ಸುಲಭವೆಂದು ಅಲ್ಲಿಂದ ಒಂದು ಸಾಲು ಎತ್ತಿ ಹೊಲಿದರೆ ಹುಟ್ಟುವ ಗ್ರಂಥವನ್ನು ಯಾವ ಕವಿಯೂ ಬರೆದಿರಲಿಲ್ಲ, ಯಾವ ಲಿಪಿಕಾರನೂ ನಕಲು ಮಾಡಿರಲಿಲ್ಲ. ಇಪ್ಪತ್ತೈದರ ಹುಮ್ಮಸ್ಸಿನಲ್ಲಿ ನಾವೇ ಅಂಥದೊಂದನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟೆವು. ಹೊಗಳಿದವರೂ ಉಂಟು. ತಪ್ಪು ನಮಗೆ ಗೋಚರಿಸುವ ವೇಳೆಗೆ ಅದು ನಾಲ್ಕೂರುಗಳ ಕಪಾಟಿನಲ್ಲಿ ಕುಳಿತಿತ್ತು, ಬೇರೊಬ್ಬರು ಅದನ್ನೇ ಪ್ರಮಾಣವಾಗಿ ಉದ್ಧರಿಸಿಯೂ ಆಗಿತ್ತು. ನಮಗೆ ಬಿಚ್ಚುವ ಅವಕಾಶವಿರಲಿಲ್ಲ; ಯಜಮಾನರಿಗೆ ಇದೆ. ೧೮೧೭ರ ಒಡಲು, ೧೮೪೫ರ ಹಿಂಬದಿ ಇರುವ ಹಡಗು ಯಾವ ಸಮುದ್ರದಲ್ಲಿಯೂ ಎಂದೂ ತೇಲಿದ್ದಲ್ಲ.

ಹಾಗಾದರೆ ಯಾವ ವರ್ಷದ ಹಡಗನ್ನು ಮಾಡುವುದು? ನಮ್ಮನ್ನು ಕೇಳಿದರೆ ನಾವು ತೋಪುಗಳ ಕಾಲವನ್ನು ಆರಿಸುತ್ತಿರಲಿಲ್ಲ. ೧೮೯೭ರಲ್ಲಿ ಈ ಹಡಗನ್ನು ಒಡೆದು ಮಾರಲೆಂದು ಹರಾಜು ಹಾಕಿದ್ದರು. ಅದೇ ವರ್ಷ 'ಫೂದ್ರೋಯಾಂ' ಎಂಬ ತನ್ನ ತರಬೇತಿ ಹಡಗನ್ನು ಬಿರುಗಾಳಿಗೆ ಕಳೆದುಕೊಂಡಿದ್ದ ಜಾರ್ಜ್‌ ವೀಟ್ಲಿ ಕಾಬ್‌ ಎಂಬ ಉದ್ಯಮಿ ಇದನ್ನು ಕೊಂಡು, ಕಳೆದುಹೋದದ್ದರ ಹೆಸರನ್ನೇ ಇದಕ್ಕಿಟ್ಟ. ಅಲ್ಲಿಂದ ೧೯೮೬ರವರೆಗೆ, ಮೊದಲು ಫಾಲ್ಮತ್‌, ಆಮೇಲೆ ಪೋರ್ಟ್ಸ್‌ಮತ್‌ ಬಂದರಿನಲ್ಲಿ ನಿಂತು, ಎಳೆಯರಿಗೆ ನಾವಿಕವಿದ್ಯೆ ಕಲಿಸುವ ಶಾಲೆಯಾಗಿ ಅದು ಬದುಕಿತು. ಯುದ್ಧಕ್ಕೆಂದು ಹುಟ್ಟಿದ್ದು ಯುದ್ಧಕ್ಕಿಂತ ಹೆಚ್ಚು ಕಾಲ ಪಾಠ ಹೇಳಿತು. ಮಾದರಿಕಾರರು ಸಾಮಾನ್ಯವಾಗಿ ತೋಪು ತುಂಬಿದ ಹಡಗನ್ನೇ ಬಯಸುತ್ತಾರೆ. ದೀಪನೌಕೆ, ಎಳೆದೋಣಿ, ಹೂಳೆತ್ತುವ ಹಡಗು, ಶಾಲೆಯ ಹಡಗು ಇವುಗಳತ್ತ ಒಲವು ಕಡಿಮೆ. ಇದು ನಮಗೆ ಕೊರತೆಯಾಗಿ ತೋರುತ್ತದೆ.

೧೯೮೭ರಲ್ಲಿ ಇದನ್ನು ಇಂಗ್ಲೆಂಡಿನ ಈಶಾನ್ಯ ತೀರದ ಹಾರ್ಟಲ್‌ಪೂಲಿಗೆ ಸಾಗಿಸಿ ಜೀರ್ಣೋದ್ಧಾರ ಆರಂಭಿಸಿದರು. ೧೯೯೨ರಲ್ಲಿ ಹಳೆಯ ಹೆಸರು ಮರಳಿ ಬಂತು. ಕೆಲಸ ಮುಗಿದದ್ದು ೨೦೦೧ರಲ್ಲಿ. ಬೊಂಬಾಯಿಯಲ್ಲಿ ಜೋಡಿಸಿದ ತೇಗದ ಗಣನೀಯ ಭಾಗ ಇಂದಿಗೂ ಅದರ ಒಡಲಲ್ಲಿದೆ, ಹಡಗು ಇಂದಿಗೂ ನೀರಿನ ಮೇಲಿದೆ. ಅದೇ ವರ್ಗದ ಮತ್ತೊಂದು ಹಡಗು 'ಯೂನಿಕಾರ್ನ್‌' ೧೮೨೪ರಲ್ಲಿ ಇಂಗ್ಲೆಂಡಿನಲ್ಲಿಯೇ ಹುಟ್ಟಿ, ಕೂವೆಯನ್ನೇ ಏರಿಸದೆ, ಮೇಲೆ ಛಾವಣಿ ಹೊದ್ದು, ಸ್ಕಾಟ್ಲೆಂಡಿನ ಡಂಡಿಯಲ್ಲಿ ಉಳಿದಿದೆ.

ನಮ್ಮ ಸಲಹೆಯನ್ನು ಯಜಮಾನರು ಒಪ್ಪಲಿಲ್ಲ. ಅವರು ದುಡಿದ ನೌಕಾಕಟ್ಟೆ ವಾಡಿಯಾಗಳ ಆ ಹಳೆಯ ಕಟ್ಟೆಯೇ ಬೆಳೆದು ನಿಂತದ್ದು. ಅಲ್ಲಿಂದ ಹೊರಟ ದಿನದ ರೂಪವೇ ತಮಗೆ ಬೇಕೆಂದರು. ಸಂಕ್ರಾಂತಿಯ ಮರುದಿನ ಹೋಗಿ ನೋಡಿದಾಗ ಹಿಂಬದಿಯ ಹಲಗೆಗಳನ್ನು ಸ್ಪಿರಿಟ್‌ ಹಚ್ಚಿ ಅಂಟು ಬಿಡಿಸಿ ತೆಗೆದಿದ್ದರು. ಕಿಟಕಿಗಳು ಒಂದು ಬೆಂಕಿಪೆಟ್ಟಿಗೆಯಲ್ಲಿದ್ದವು. ತೆರೆದ ಹಿಂಬದಿಯಿಂದ ಒಳಗೆ ಬ್ಯಾಟರಿ ಬಿಟ್ಟು ತೋರಿಸಿದರು; ಅಡಿದೂಲದ ನಡುವೆ ಸಾಸಿವೆಯಷ್ಟು ಏನೋ ಮಿನುಗಿತು.

"ಅದು ನಮ್ಮ ಮೊಮ್ಮಗನ ಸಣ್ಣಂದಿನ ಕಾಲ್ಗೆಜ್ಜಿದರಿ," ಎಂದರು ತಾಯಿಯವರು ಒಳಗಿನಿಂದ ಎಳ್ಳುಬೆಲ್ಲದ ತಟ್ಟೆ ತರುತ್ತ. "ಬೆಳ್ಳಿ ಮೊಳಿ ಬೇಕಂದ್ರು, ಮುರಿದು ಕೊಟ್ಟೆ. ಅದನ್ನ ಬಿಚ್ಚೂದಿಲ್ಲ ಅಂತ ಹೇಳ್ಯಾರ."